ಗೆದ್ದವರ ಹಣವೂ ಸರದಿಯಲ್ಲಿ ನಿಂತದ್ದೇಕೆ?

ಪ್ರಶ್ನೆ: ಲಾಸ್ ಏಂಜಲೀಸ್‌ನ ಹೆಸರಾಂತ ವಕೀಲ ಟಾಮ್ ಜಿರಾರ್ಡಿ ತನ್ನ ಕಕ್ಷಿದಾರರ ಪರಿಹಾರದ ಹಣವನ್ನೇ ನುಂಗಿ ಸಿಕ್ಕಿಬಿದ್ದ ಸುದ್ದಿಯನ್ನು ಓದಿದೆ. ಅಮೆರಿಕದಲ್ಲಿ ಕಕ್ಷಿದಾರರ ಹಣ ಪ್ರತ್ಯೇಕ ಟ್ರಸ್ಟ್ ಖಾತೆಯಲ್ಲಿರುತ್ತದೆ, ಅದು ವಕೀಲರ ಸ್ವತ್ತಲ್ಲ ಎನ್ನುತ್ತಾರೆ. ಹಾಗಿದ್ದರೆ ಸಂಸ್ಥೆ ದಿವಾಳಿಯಾದಾಗ ಆ ಕಕ್ಷಿದಾರರು ಸಾಲ ಕೊಟ್ಟವರ ಜೊತೆ ಸರದಿಯಲ್ಲಿ ನಿಲ್ಲಬೇಕಾದದ್ದು ಏಕೆ? ಆತನ ಹೆಂಡತಿಯ ವಜ್ರದ ಓಲೆಯನ್ನು ಮಾತ್ರ ನ್ಯಾಯಾಲಯ ವಾಪಸು ಪಡೆದದ್ದು ಹೇಗೆ? ಕೊನೆಗೆ ಇವರಿಗೆಲ್ಲ ಹಣ ಕೊಡುವವರು ಯಾರು?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯ ಹೊಟ್ಟೆಯಲ್ಲೇ ಮೊದಲನೆಯದಕ್ಕೆ ಉತ್ತರವಿದೆ. ಓಲೆ ಸಿಕ್ಕಿತು, ಕೋಟಿಗಟ್ಟಲೆ ಡಾಲರ್ ಸಿಗಲಿಲ್ಲ. ಯಾವ ಖಾತೆಯಿಂದ, ಯಾವ ಚೆಕ್ಕಿನಿಂದ, ಯಾರ ಹಣದಿಂದ ಆ ಓಲೆ ಬಂತು ಎಂಬ ಜಾಡು ಹದಿಮೂರು ವರ್ಷ ಕಳೆದರೂ ಕಡತದಲ್ಲಿ ಹಾಗೇ ಉಳಿದಿತ್ತು. ಮಿಕ್ಕ ಹಣದ ಜಾಡು ಅಳಿಸಿಹೋಗಿತ್ತು. ದಿವಾಳಿ ಪ್ರಕರಣಗಳ ಲೆಕ್ಕಪುಸ್ತಕಗಳ ಜೊತೆ ಹೆಣಗುವ ನನ್ನಂಥವರಿಗೆ ಇಡೀ ಜಿರಾರ್ಡಿ ಪ್ರಕರಣ ಈ ಒಂದು ವ್ಯತ್ಯಾಸದ ಸುತ್ತಲೇ ತಿರುಗುತ್ತದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಮರುಭೂಮಿಯ ಹಿಂಕ್ಲಿ ಎಂಬ ಪುಟ್ಟ ಊರಿನ ಅಂತರ್ಜಲಕ್ಕೆ ಕ್ರೋಮಿಯಂ ವಿಷ ಸೇರಿಸಿದ್ದ ಪಿಜಿ ಆ್ಯಂಡ್ ಇ ಕಂಪನಿಯಿಂದ 1996ರಲ್ಲಿ 33.3 ಕೋಟಿ ಡಾಲರ್ ಕಕ್ಕಿಸಿದ ವಕೀಲರಲ್ಲಿ ಜಿರಾರ್ಡಿಯೂ ಒಬ್ಬ. ಆ ಮೊಕದ್ದಮೆ ಮುಂದೆ ಸಿನಿಮಾ ಆಯಿತು, ಆತನ ಹೆಸರು ಬೆಳೆಯಿತು. ಬೆಂಕಿಯಲ್ಲಿ ಬೆಂದವರು, ಔಷಧಿಯಿಂದ ಯಕೃತ್ತು ಕೆಟ್ಟವರು, ವಿಮಾನ ಬಿದ್ದು ಮನೆಯವರನ್ನು ಕಳೆದುಕೊಂಡವರು ಇಂಥವರ ಪರವಾಗಿ ದೊಡ್ಡ ಕಂಪನಿಗಳ ಮೇಲೆ ದಾವೆ ಹೂಡುವುದು, ಗೆದ್ದರೆ ಮಾತ್ರ ಪಾಲು ತೆಗೆದುಕೊಳ್ಳುವುದು ಜಿರಾರ್ಡಿ ಕೀಸ್ ಸಂಸ್ಥೆಯ ಕಸುಬು. ಕೈಯಲ್ಲಿ ಕಾಸಿಲ್ಲದವರಿಗೆ ನ್ಯಾಯಾಲಯದ ಬಾಗಿಲು ತೆರೆಯುವ ದಾರಿ ಅದು. ಅದೇ ದಾರಿಯಲ್ಲಿ ಹಣವೂ ಮೊದಲು ವಕೀಲನ ಕೈಗೇ ಬರುತ್ತದೆ ಎಂಬುದನ್ನು ನೆನಪಿಡಿ.

2018ರ ಅಕ್ಟೋಬರ್ 29ರಂದು ಲಯನ್ ಏರ್‌ನ ಬೋಯಿಂಗ್ 737 ಮ್ಯಾಕ್ಸ್ ವಿಮಾನ ಜಾವಾ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಅವರಲ್ಲಿ ಕೆಲವರ ಕುಟುಂಬಗಳ ಪರ ಜಿರಾರ್ಡಿ ಕೀಸ್ ಬೋಯಿಂಗ್ ಮೇಲೆ ದಾವೆ ನಡೆಸಿತು. ಬೋಯಿಂಗ್ ರಾಜಿಯ ಹಣ ಕೊಟ್ಟಿತು. ಹಣ ವಿಧವೆಯರಿಗೆ, ಮಕ್ಕಳಿಗೆ ಪೂರ್ತಿ ತಲುಪಲಿಲ್ಲ. ಆ ಪ್ರಕರಣದಲ್ಲಿ ಜೊತೆಗಾರನಾಗಿದ್ದ ಷಿಕಾಗೊದ ಎಡಲ್ಸನ್ ಎಂಬ ವಕೀಲರ ಸಂಸ್ಥೆಯೇ 2020ರ ಡಿಸೆಂಬರ್ 2ರಂದು ದೂರು ಹೂಡಿತು. ಡಿಸೆಂಬರ್ 14ರಂದು ಷಿಕಾಗೊದ ಫೆಡರಲ್ ನ್ಯಾಯಾಧೀಶ ಥಾಮಸ್ ಡರ್ಕಿನ್ ಅವರು ಜಿರಾರ್ಡಿಯನ್ನು ನ್ಯಾಯಾಂಗ ನಿಂದನೆಯ ತಪ್ಪಿತಸ್ಥನೆಂದು ಹೇಳಿ ಆಸ್ತಿಯನ್ನು ಸ್ತಂಭನಗೊಳಿಸಿದರು. ನಾಲ್ಕು ದಿನ ಕಳೆಯುವಷ್ಟರಲ್ಲಿ, ಹಣ ಬರಬೇಕಾದ ಕೆಲವರು ಸೇರಿ ಆತನನ್ನೂ ಆತನ ಸಂಸ್ಥೆಯನ್ನೂ ದಿವಾಳಿ ನ್ಯಾಯಾಲಯಕ್ಕೆ ಎಳೆದರು. ಸಾಲಗಾರ ತಾನಾಗಿ ಬಂದು ಕೈಯೆತ್ತುವುದು ಸಾಮಾನ್ಯ ದಿವಾಳಿ. ಇದು ಬಲವಂತದ ದಿವಾಳಿ. ಬಾಕಿ ಬರಬೇಕಾದ ಮೂವರು ಸೇರಿದರೆ ಅಮೆರಿಕದ ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ.

ಕ್ರಿಮಿನಲ್ ಪ್ರಕರಣ ಇನ್ನೂ ನಿಧಾನವಾಗಿ ನಡೆಯಿತು. ನೆನಪಿನ ಶಕ್ತಿ ಕುಂದಿದೆ ಎಂಬ ವಾದವನ್ನು ನ್ಯಾಯಾಲಯ ಪರೀಕ್ಷಿಸಿ, ಆತ ವಿಚಾರಣೆಗೆ ಸಮರ್ಥನೆಂದು ಹೇಳಿತು. 2024ರ ಆಗಸ್ಟ್ 27ರಂದು ಲಾಸ್ ಏಂಜಲೀಸ್‌ನ ಜ್ಯೂರಿ ನಾಲ್ಕು ವಂಚನೆಯ ಆರೋಪಗಳಲ್ಲಿ ಆತನನ್ನು ತಪ್ಪಿತಸ್ಥನೆಂದಿತು. 2025ರ ಜೂನ್ 3ರಂದು, ಆತನ 86ನೇ ಹುಟ್ಟುಹಬ್ಬದ ದಿನವೇ, ಏಳು ವರ್ಷ ಮೂರು ತಿಂಗಳ ಶಿಕ್ಷೆಯಾಯಿತು. ಸಂಸ್ಥೆಯ ಹಣಕಾಸು ನೋಡಿಕೊಳ್ಳುತ್ತಿದ್ದವನಿಗೆ ಅದಕ್ಕಿಂತ ಹೆಚ್ಚು: ಹತ್ತು ವರ್ಷ ಒಂದು ತಿಂಗಳು. ಯಜಮಾನ ಕಕ್ಷಿದಾರರನ್ನು ಲೂಟಿ ಮಾಡುತ್ತಿದ್ದಾಗ ಆ ಮನುಷ್ಯ ಯಜಮಾನನ ಸಂಸ್ಥೆಯನ್ನು ತನ್ನ ಪಾಡಿಗೆ ತಾನು ಬೇರೆಯಾಗಿ ಲೂಟಿ ಮಾಡುತ್ತಿದ್ದ. ಕಳ್ಳರ ಮನೆಯಲ್ಲೂ ಲೆಕ್ಕ ತಾಳೆಯಾಗದಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಇನ್ನು ಹಣದ ವಿಷಯ.

ಕ್ಯಾಲಿಫೋರ್ನಿಯಾದಲ್ಲಿ ರಾಜಿಯ ಚೆಕ್ ಬಂದಾಗ ವಕೀಲ ಅದನ್ನು ಕಕ್ಷಿದಾರರ ಟ್ರಸ್ಟ್ ಖಾತೆಗೆ ಹಾಕಬೇಕು. ಅದರಿಂದ ತನ್ನ ಶುಲ್ಕ, ದಾವೆಗೆ ತಗುಲಿದ ಖರ್ಚು, ಆಸ್ಪತ್ರೆಯ ಬಾಕಿ ಇವನ್ನು ಲೆಕ್ಕ ತೋರಿಸಿ ಕಳೆದು, ಉಳಿದದ್ದನ್ನು ಕಕ್ಷಿದಾರರಿಗೆ ಕೊಡಬೇಕು. ಸಂಸ್ಥೆಯ ಬಾಡಿಗೆ, ಸಂಬಳ, ವಿದ್ಯುತ್ ಬಿಲ್ಲು ಇವೆಲ್ಲ ಬೇರೆಯೇ ಆದ ನಿರ್ವಹಣಾ ಖಾತೆಯಿಂದ ಹೋಗಬೇಕು. ಎರಡರ ನಡುವೆ ಇರುವ ಗೋಡೆ ಕಾಗದದ್ದು. ಬ್ಯಾಂಕ್ ಮುಳುಗಿದರೆ ಪ್ರತಿ ಕಕ್ಷಿದಾರರಿಗೂ 2.5 ಲಕ್ಷ ಡಾಲರ್‌ವರೆಗೆ ಠೇವಣಿ ವಿಮೆಯ ರಕ್ಷಣೆ ಸಿಗುತ್ತದೆ. ಕೀಲಿಕೈ ಇದ್ದವನೇ ಕದ್ದರೆ ಆ ವಿಮೆ ಬಾಯಿ ಬಿಡುವುದಿಲ್ಲ. ಟ್ರಸ್ಟ್ ಖಾತೆಯ ಚೆಕ್ ಹಣವಿಲ್ಲದೆ ವಾಪಸಾದರೆ ಬ್ಯಾಂಕ್ ವಕೀಲರ ನಿಯಂತ್ರಣ ಸಂಸ್ಥೆಯಾದ ಸ್ಟೇಟ್ ಬಾರ್‌ಗೆ ತಿಳಿಸಬೇಕೆಂಬ ನಿಯಮವೂ ಉಂಟು. ಆದರೆ ಹೊಸ ಕಕ್ಷಿದಾರನ ಹಣ ಬಂದು ಬೀಳುತ್ತಿರುವವರೆಗೆ ಯಾವ ಚೆಕ್ಕೂ ವಾಪಸಾಗುವುದಿಲ್ಲ.

ಒಂದು ಉದಾಹರಣೆ ಸಾಕು. 2010ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊದಲ್ಲಿ ಅನಿಲ ಕೊಳವೆ ಸ್ಫೋಟಿಸಿದಾಗ ಮೈಯೆಲ್ಲ ಸುಟ್ಟುಹೋದ ಯುವಕನೊಬ್ಬನ ಪ್ರಕರಣ ಸುಮಾರು 5.3 ಕೋಟಿ ಡಾಲರ್‌ಗೆ ರಾಜಿಯಾಯಿತು. ಜಿರಾರ್ಡಿ ಆತನಿಗೆ ಹೇಳಿದ ಮೊತ್ತ 72.5 ಲಕ್ಷ. ಹೇಳಿದ್ದನ್ನಾದರೂ ಸಲೀಸಾಗಿ ಕೊಟ್ಟನೇ ಎಂದರೆ ಅದೂ ಇಲ್ಲ. ತೆರಿಗೆಯ ವಿಷಯ ಇತ್ಯರ್ಥವಾಗಬೇಕು, ನ್ಯಾಯಾಧೀಶರ ಅನುಮತಿ ಬರಬೇಕು, ಯಾವುದೋ ಬಾಕಿದಾವೆ ತೀರಬೇಕು ಎಂದು ಕಕ್ಷಿದಾರರಿಗೆ ವರ್ಷಗಟ್ಟಲೆ ನೆಪ ಹೇಳುವುದು, ಕೂಗಾಡಿದವರ ಬಾಯಿ ಮುಚ್ಚಿಸಲು ಸ್ವಲ್ಪ ಸ್ವಲ್ಪ ಕೊಡುವುದು ಆ ಸಂಸ್ಥೆಯಲ್ಲಿ ರೂಢಿಯಾಗಿತ್ತು. ಹಾಗೆ ಕೊಡುತ್ತಿದ್ದದ್ದು ಇನ್ನೊಬ್ಬ ಕಕ್ಷಿದಾರನ ಹಣ. ಗಮನಿಸಿ, ನೆಪಗಳೆಲ್ಲ ಕಾನೂನಿನ ಭಾಷೆಯಲ್ಲಿವೆ. ಅನುಮಾನ ಬಂದರೆ ಕೇಳಲು ಅವರಿಗೆ ಇದ್ದ ಕಾನೂನು ಬಲ್ಲವನು ಆತನೊಬ್ಬನೇ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಹಣ ಕಕ್ಷಿದಾರರದ್ದೇ ಎಂಬ ನಿಮ್ಮ ತಿಳಿವಳಿಕೆ ಸರಿ. ಸಾಲಗಾರನ ಕೈಯಲ್ಲಿ ಬರೀ ಹೆಸರಿಗೆ ಇದ್ದು, ನಿಜವಾದ ಹಕ್ಕು ಬೇರೆಯವರದ್ದಾಗಿರುವ ಸ್ವತ್ತು ದಿವಾಳಿ ಆಸ್ತಿಯೊಳಗೆ ಸೇರುವುದಿಲ್ಲ ಎಂದು ಅಮೆರಿಕದ ದಿವಾಳಿ ಸಂಹಿತೆಯ 541ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಕಾನೂನಿನ ಪುಸ್ತಕದಲ್ಲಿ ಕಕ್ಷಿದಾರ ಸರದಿಯಲ್ಲಿ ನಿಲ್ಲಬೇಕಾಗಿಯೇ ಇಲ್ಲ. ತನ್ನ ಹಣವನ್ನು ತೋರಿಸಿ ಎತ್ತಿಕೊಂಡು ಹೋಗಬಹುದು. ತೊಡಕಿರುವುದು ಆ 'ತೋರಿಸಿ' ಎಂಬ ಮಾತಿನಲ್ಲಿ. ಇದು ನನ್ನ ಹಣ ಎಂದು ಬೊಟ್ಟು ಮಾಡುವ ಹೊಣೆ ಕೇಳುವವನದ್ದು.

ಲೆಕ್ಕದಲ್ಲೇ ನೋಡೋಣ. ಟ್ರಸ್ಟ್ ಖಾತೆಯೊಂದಕ್ಕೆ ಮೊದಲನೆಯ ಕಕ್ಷಿದಾರಳ 10 ಲಕ್ಷ ಡಾಲರ್ ಬಂತು, ಎರಡನೆಯವನ 10 ಲಕ್ಷ ಬಂತು. ವಕೀಲ 18 ಲಕ್ಷ ಎತ್ತಿ ಹಾರಿಸಿದ. ಉಳಿದದ್ದು 2 ಲಕ್ಷ. ಮುಂದಿನ ತಿಂಗಳು ಮೂರನೆಯವಳ 30 ಲಕ್ಷ ಬಂದು ಬಿತ್ತು. ಅಷ್ಟರಲ್ಲಿ ದಿವಾಳಿ ಅರ್ಜಿ ಬಂತು. ಖಾತೆಯಲ್ಲಿ 32 ಲಕ್ಷ ಕಾಣುತ್ತಿದೆ, ಮೊದಲಿಬ್ಬರಿಗೆ ಬರಬೇಕಾದದ್ದು 20 ಲಕ್ಷ ತಾನೇ, ಕೊಟ್ಟುಬಿಡಬಹುದಲ್ಲ ಎನಿಸುತ್ತದೆ. ಇಲ್ಲ. ಅವರ ಹಣ ಬಂದ ಮೇಲೆ ಖಾತೆಯ ಶಿಲ್ಕು ಅತಿ ಕೆಳಕ್ಕಿಳಿದದ್ದು ಎಷ್ಟಕ್ಕೋ ಅಷ್ಟಕ್ಕೆ ಮಾತ್ರ ಅವರ ಜಾಡು ನಿಲ್ಲುತ್ತದೆ. ಎಂದರೆ ಇಬ್ಬರಿಗೂ ಸೇರಿ 2 ಲಕ್ಷ. ಆಮೇಲೆ ಬಂದ 30 ಲಕ್ಷ ಮೂರನೆಯವಳದ್ದು. ಅದು ಬಂದಿತೆಂದ ಮಾತ್ರಕ್ಕೆ ಇವರ ಹಣ ಮತ್ತೆ ಹುಟ್ಟುವುದಿಲ್ಲ. ಉಳಿದ 18 ಲಕ್ಷಕ್ಕೆ ಅವರಿಬ್ಬರು ಸ್ವತ್ತಿನ ಒಡೆಯರಲ್ಲ, ಬಾಕಿ ಬರಬೇಕಾದವರು. ನಿನ್ನೆಯವರೆಗೆ ತನ್ನ ಹಣದ ಯಜಮಾನಳಾಗಿದ್ದವಳು ಇಂದು ಕಾಗದ ಸರಬರಾಜು ಮಾಡಿದ ಅಂಗಡಿಯವನ ಸಾಲಿಗೆ ಬಂದು ನಿಂತಳು. ನೀವು ಸುದ್ದಿಯಲ್ಲಿ ಓದಿದ ಸರದಿ ಹುಟ್ಟಿದ್ದು ಹೀಗೆ. ನೂರಾರು ಕಕ್ಷಿದಾರರ ಹಣ, ಹತ್ತಾರು ವರ್ಷ, ಖಾತೆಯಿಂದ ಖಾತೆಗೆ ಓಡಾಟ ಇದಕ್ಕೆ ಸೇರಿದರೆ ಜಾಡು ಹುಡುಕುವುದು ಹೊಳೆಯಲ್ಲಿ ಹಿಂಡಿದ ಹುಣಸೆಹಣ್ಣಿನ ಹುಳಿಯನ್ನು ಹುಡುಕಿದಂತೆ.

ಇದಕ್ಕಿಂತ ಕಹಿಯಾದ ಇನ್ನೊಂದು ನಿಯಮವಿದೆ, ಅದನ್ನು ಪತ್ರಿಕೆಗಳು ಹೆಚ್ಚಾಗಿ ಬರೆಯುವುದಿಲ್ಲ. ದಿವಾಳಿ ಅರ್ಜಿಗೆ ಹಿಂದಿನ 90 ದಿನಗಳಲ್ಲಿ ಯಾರಿಗಾದರೂ ಬಾಕಿ ಸಂದಾಯವಾಗಿದ್ದರೆ, ಉಳಿದವರಿಗಿಂತ ಅವರಿಗೆ ಹೆಚ್ಚು ಸಿಕ್ಕಿತು ಎಂಬ ಕಾರಣಕ್ಕೆ ದಿವಾಳಿ ಟ್ರಸ್ಟಿ (ದಿವಾಳಿಯಾದವನ ಆಸ್ತಿಯನ್ನು ಕೂಡಿಸಿ ಹಂಚಲು ನೇಮಕವಾದವರು) ಅದನ್ನು ವಾಪಸು ಕೇಳಬಹುದು. ಕಕ್ಷಿದಾರಳೊಬ್ಬಳು ಮೂರು ವರ್ಷ ಅಲೆದು, ಜಗಳವಾಡಿ, ಕೊನೆಗೆ ಬಾಕಿ ವಸೂಲಿ ಮಾಡಿದಳು ಎಂದುಕೊಳ್ಳಿ. ಎರಡು ತಿಂಗಳಲ್ಲಿ ಸಂಸ್ಥೆ ಕುಸಿದರೆ ಆಕೆಗೆ ನೋಟಿಸು ಬರುವ ಸಾಧ್ಯತೆಯಿದೆ. ನನಗೆ ಬಂದದ್ದು ನನ್ನದೇ ಟ್ರಸ್ಟ್ ಹಣ ಎಂದು ಆಕೆ ವಾದಿಸಬಹುದು. ಆಗ ಮತ್ತೆ ಅದೇ ಜಾಡಿನ ಪ್ರಶ್ನೆ. ಇದರ ಬೇರು ಹಳೆಯದು. ಬಾಸ್ಟನ್‌ನ ಚಾರ್ಲ್ಸ್ ಪೊಂಝಿಯ ಹೆಸರು ನೀವು ಕೇಳಿರುತ್ತೀರಿ. ಆತ ಮುಳುಗುವ ಮುನ್ನ ಓಡಿಹೋಗಿ ತಮ್ಮ ಹಣ ಬಿಡಿಸಿಕೊಂಡವರು ಅದನ್ನು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1924ರಲ್ಲಿ ನ್ಯಾಯಾಲಯ ಇಲ್ಲ ಎಂದಿತು: ಎಲ್ಲರೂ ಒಂದೇ ವಂಚನೆಗೆ ಸಿಕ್ಕ ಅಮಾಯಕರು, ತಮ್ಮ ಡಾಲರ್ ಯಾವುದೆಂದು ಯಾರೂ ತೋರಿಸಲಾರರು, ಹಾಗಾಗಿ ಸಮಪಾಲೇ ನ್ಯಾಯ. ಕಾಲು ಗಟ್ಟಿ ಇದ್ದವರಿಗೆ ಹೆಚ್ಚು ಸಿಗಬಾರದು ಎಂಬ ಆ ತತ್ವವನ್ನು ನಾನು ಒಪ್ಪುತ್ತೇನೆ. ಆದರೆ ಸುಟ್ಟ ಮೈಯವರಿಗೆ, ಗಂಡನನ್ನು ಕಳೆದುಕೊಂಡವಳಿಗೆ ಆ ನೋಟಿಸನ್ನು ಓದಿ ಹೇಳುವ ಕೆಲಸ ಯಾರಿಗೂ ಬೇಡ.

ಇನ್ನು ಓಲೆ. ರೆಜುಲಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಯಕೃತ್ತಿಗೆ ಹಾನಿ ಮಾಡುತ್ತದೆಂದು 2000ದಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಅದನ್ನು ನುಂಗಿ ನೊಂದವರ ಪರವಾಗಿ ಜಿರಾರ್ಡಿ ಪರಿಹಾರ ಗೆದ್ದಿದ್ದ. ಆ ಪ್ರಕರಣದ ಟ್ರಸ್ಟ್ ಖಾತೆಯಿಂದ 2007ರಲ್ಲಿ ಆಭರಣ ವ್ಯಾಪಾರಿಗೆ ಸುಮಾರು 7.5 ಲಕ್ಷ ಡಾಲರ್ ಹೋಯಿತು. ಪುಸ್ತಕದಲ್ಲಿ ಅದನ್ನು ದಾವೆಯ ಖರ್ಚೆಂದು ಬರೆಯಲಾಗಿತ್ತು. ಓಲೆ ಹೆಂಡತಿ ಎರಿಕಾ ಜಿರಾರ್ಡಿಯ ಕಿವಿಗೆ ಬಂತು. ಆಕೆ ಹಾಡುಗಾರ್ತಿ, ಟೀವಿ ಕಾರ್ಯಕ್ರಮದ ತಾರೆ. ದಿವಾಳಿ ಟ್ರಸ್ಟಿಯ ಪರ ವಕೀಲರು ಈ ನಮೂದನ್ನು ಹುಡುಕಿ ತೆಗೆದಾಗ ಆಕೆಯ ಕಡೆಯವರು ಎರಡು ವಾದ ಮುಂದಿಟ್ಟರು: ಆಕೆಗೆ ಇದೇನೂ ಗೊತ್ತಿರಲಿಲ್ಲ, ಇಷ್ಟು ವರ್ಷವಾದ ಮೇಲೆ ಕಾಲಮಿತಿ ಮೀರಿದೆ.

ಎರಡೂ ಸಾಮಾನ್ಯ ಸಂದರ್ಭದಲ್ಲಿ ತೂಕವಿರುವ ವಾದಗಳು. ಕುಸಿಯುತ್ತಿರುವವನು ಹೆಂಡತಿಗೋ ಗೆಳೆಯನಿಗೋ ಆಸ್ತಿ ದಾಟಿಸಿದ್ದರೆ ಅದನ್ನು ರದ್ದುಪಡಿಸಲು ಫೆಡರಲ್ ಕಾನೂನು ಎರಡು ವರ್ಷ ಹಿಂದಕ್ಕೆ ನೋಡುತ್ತದೆ, ಕ್ಯಾಲಿಫೋರ್ನಿಯಾದ ಕಾನೂನು ಸಾಮಾನ್ಯವಾಗಿ ನಾಲ್ಕು ವರ್ಷ, ಯಾವ ಕಾರಣಕ್ಕೂ ಏಳು ವರ್ಷ ದಾಟುವುದಿಲ್ಲ. 2007 ಆ ಗಡಿಯಿಂದ ಬಹಳ ಆಚೆಗಿದೆ. ಆದರೆ ಟ್ರಸ್ಟಿ ಹಿಡಿದದ್ದು ಬೇರೆ ಎಳೆ. ಜಿರಾರ್ಡಿ ತನ್ನ ಹಣವನ್ನು ದಾಟಿಸಿದ್ದರೆ ತಾನೇ ಆ ಗಡುವು? ಓಲೆಗೆ ಕೊಟ್ಟ ಹಣ ಆತನದ್ದಾಗಿ ಇರಲೇ ಇಲ್ಲ. ಕದ್ದ ಹಣದಿಂದ ಕೊಂಡ ವಸ್ತು, ಬೆಲೆ ಕೊಡದೆ ಉಡುಗೊರೆಯಾಗಿ ಪಡೆದವರ ಸ್ವತ್ತಾಗುವುದಿಲ್ಲ. ಪಡೆದವರು ಎಷ್ಟೇ ನಿರಪರಾಧಿಯಾಗಿದ್ದರೂ ಅದು ಹಾಗೆಯೇ. 2022ರ ಜೂನ್‌ನಲ್ಲಿ ದಿವಾಳಿ ನ್ಯಾಯಾಧೀಶ ಬ್ಯಾರಿ ರಸೆಲ್ ಅವರು ಓಲೆಯನ್ನು ಒಪ್ಪಿಸಲು ಆದೇಶಿಸಿದರು. ಅದೇ ಡಿಸೆಂಬರ್‌ನಲ್ಲಿ ಅದು ಹರಾಜಾಯಿತು. ಬಂದದ್ದು 2.5 ಲಕ್ಷ ಡಾಲರ್.

ಏಳೂವರೆ ಲಕ್ಷದ್ದು ಎರಡೂವರೆ ಲಕ್ಷ. ಕದ್ದ ಹಣ ವಜ್ರವಾಗಿ, ವಿಮಾನಯಾನವಾಗಿ, ಕ್ಲಬ್ಬಿನ ಸದಸ್ಯತ್ವವಾಗಿ ಮಾರ್ಪಟ್ಟ ಮೇಲೆ ಮತ್ತೆ ಹಣವಾಗುವಾಗ ಹೀಗೆಯೇ ಸವೆಯುತ್ತದೆ. ಹಾರಿದ ವಿಮಾನದ ಬಾಡಿಗೆಯನ್ನಂತೂ ಹರಾಜು ಹಾಕಲೂ ಬರುವುದಿಲ್ಲ. ಹೆಂಡತಿಯ ಮನರಂಜನಾ ಕಂಪನಿಯ ಖರ್ಚಿಗೆಂದೇ ಸಂಸ್ಥೆಯಿಂದ 2.5 ಕೋಟಿ ಡಾಲರ್‌ಗೂ ಹೆಚ್ಚು ಹೋಗಿದೆ ಎಂದು ಸರ್ಕಾರಿ ವಕೀಲರು ಹೇಳಿದ್ದಾರೆ. ದಿವಾಳಿ ಟ್ರಸ್ಟಿ 2021ರಲ್ಲಿ ಆಕೆಯ ಮೇಲೆ ಸುಮಾರು ಅಷ್ಟೇ ಮೊತ್ತಕ್ಕೆ ದಾವೆ ಹೂಡಿದರು. ಆಕೆಯ ಮೇಲೆ ಕ್ರಿಮಿನಲ್ ಆರೋಪ ಹೊರಿಸಿಲ್ಲ. ಈ ದೊಡ್ಡ ಮೊತ್ತ ಓಲೆಯಂತೆ ಸುಲಭವಾಗಿ ಕೈಗೆ ಬರದಿರುವುದಕ್ಕೆ ಕಾರಣವೂ ಅದೇ: ಹಣ ನಿರ್ವಹಣಾ ಖಾತೆಯ ಮೂಲಕ ಹಾದು ಹೋಗಿದೆ. ಅಲ್ಲಿ ಕಕ್ಷಿದಾರರ ಹಣವೂ, ಸಂಸ್ಥೆ ನ್ಯಾಯವಾಗಿ ಗಳಿಸಿದ ಶುಲ್ಕವೂ, ಸಾಲವಾಗಿ ತಂದದ್ದೂ ಬೆರೆತಿದ್ದವು.

ಸರದಿಯ ಕ್ರಮವನ್ನೂ ಹೇಳಿಬಿಡುತ್ತೇನೆ. ದಿವಾಳಿ ಸಂಹಿತೆಯ 7ನೇ ಅಧ್ಯಾಯದಲ್ಲಿ, ಅಂದರೆ ಎಲ್ಲವನ್ನೂ ಮಾರಿ ಹಂಚುವ ದಿವಾಳಿಯಲ್ಲಿ, ಮೊದಲಿಗರು ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರು. ಜಿರಾರ್ಡಿ ಕೀಸ್‌ನಂಥ ಸಂಸ್ಥೆಗೆ ಅಡವಿಡಲು ಇರುವುದು ಮುಂದೆ ಬರಬಹುದಾದ ಶುಲ್ಕ. ದಾವೆಗಳಿಗೆ ಹಣ ಹೂಡುವ ಕಂಪನಿಗಳು ಅದನ್ನೇ ಅಡವಿಟ್ಟುಕೊಂಡು ಸಾಲ ಕೊಡುತ್ತವೆ. ಆಮೇಲೆ ದಿವಾಳಿ ನಡೆಸುವ ಖರ್ಚು. ಟ್ರಸ್ಟಿಯ ಶುಲ್ಕಕ್ಕೆ ಕಾನೂನೇ ಮಿತಿ ಹಾಕಿದೆ. ಹಂಚಿದ ಮೊತ್ತ 10 ಲಕ್ಷ ಡಾಲರ್ ದಾಟಿದ ಮೇಲೆ ದಾಟಿದ ಭಾಗದ ಶೇ 3ಕ್ಕಿಂತ ಹೆಚ್ಚಿಲ್ಲ. ಟ್ರಸ್ಟಿ ನೇಮಿಸಿಕೊಳ್ಳುವ ವಕೀಲರಿಗೆ, ಲೆಕ್ಕಿಗರಿಗೆ ಅಂಥ ಮಿತಿಯಿಲ್ಲ, ನ್ಯಾಯಾಲಯದ ಒಪ್ಪಿಗೆ ಬೇಕಷ್ಟೆ. ಓದುಗರಿಗೆ ಇದು ಗಾಯಕ್ಕೆ ಉಪ್ಪು ಸವರಿದಂತೆ ಕಾಣಬಹುದು. ನನ್ನ ಕಸುಬಿನವರ ಪರ ವಾದ ಎಂದುಕೊಂಡರೂ ಸರಿ, ಆ ಖರ್ಚಿಲ್ಲದಿದ್ದರೆ ಓಲೆಯ ಚೆಕ್ಕನ್ನು ಯಾರೂ ಹುಡುಕುತ್ತಿರಲಿಲ್ಲ. ಆಮೇಲೆ ನೌಕರರ ಬಾಕಿ ಸಂಬಳ, 2020ರ ಅರ್ಜಿಗಳಿಗೆ ಅನ್ವಯವಾದ ಮಿತಿ ತಲೆಗೆ 13,650 ಡಾಲರ್. ಆಮೇಲೆ ತೆರಿಗೆ. ಇಷ್ಟೂ ಮುಗಿದು ಮಿಕ್ಕದ್ದರಲ್ಲಿ ಜಾಡು ತೋರಿಸಲಾಗದ ಕಕ್ಷಿದಾರರಿಗೂ ಅಡಮಾನವಿಲ್ಲದೆ ಬಾಕಿ ಬರಬೇಕಾದ ಉಳಿದ ಎಲ್ಲರಿಗೂ ಸಮಪಾಲು.

ಮಿಕ್ಕುವುದು ಎಲ್ಲಿಂದ? ಕುಸಿದ ವಕೀಲರ ಸಂಸ್ಥೆಯಲ್ಲಿ ಮೇಜು ಕುರ್ಚಿಗಳಿಗೆ ಬೆಲೆಯಿಲ್ಲ. ನಿಜವಾದ ಆಸ್ತಿ ಅರ್ಧಕ್ಕೆ ನಿಂತ ಮೊಕದ್ದಮೆಗಳು. ಕಕ್ಷಿದಾರರು ಬೇರೆ ವಕೀಲರ ಬಳಿ ಹೋಗುತ್ತಾರೆ. ಹೋಗುವ ಹಕ್ಕು ಅವರಿಗಿದೆ, ಅವರನ್ನು ಯಾರೂ ಮಾರಲಾಗದು. ಮುಂದೆ ಆ ಪ್ರಕರಣ ಗೆದ್ದರೆ ಹಳೆಯ ಸಂಸ್ಥೆ ಮಾಡಿದ ಕೆಲಸಕ್ಕೆ ನ್ಯಾಯವಾದ ಬೆಲೆಯನ್ನು ಹೊಸ ವಕೀಲರ ಶುಲ್ಕದಿಂದ ಟ್ರಸ್ಟಿ ಕೇಳಬಹುದು. ಗೆದ್ದರೆ ಮಾತ್ರ ಪಾಲು ಎಂಬ ಒಪ್ಪಂದದ ದಾವೆಗಳಿಗೆ ಇದು ಅನ್ವಯಿಸುತ್ತದೆ. ಗಂಟೆಯ ಲೆಕ್ಕದಲ್ಲಿ ದುಡಿಯುವ ಸಂಸ್ಥೆ ಮುಚ್ಚಿದರೆ, ಆಮೇಲೆ ಬೇರೆಡೆ ನಡೆದ ಕೆಲಸದ ಲಾಭದಲ್ಲಿ ಅದಕ್ಕೆ ಪಾಲಿಲ್ಲ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹೀಗೆ, ಹಳೆಯ ಕಕ್ಷಿದಾರರ ಪರಿಹಾರ ಇನ್ನೂ ಇತ್ಯರ್ಥವಾಗದ ಹೊಸ ಕಕ್ಷಿದಾರರ ಗೆಲುವಿಗೆ ಜೋತುಬಿದ್ದಿರುತ್ತದೆ. ವರ್ಷಗಳು ಉರುಳುವುದು ಇದಕ್ಕೇ.

ವೃತ್ತಿ ವಿಮೆಯ ಮೇಲೆ ಹೆಚ್ಚು ಭರವಸೆ ಬೇಡ. ವಿಮೆ ವಕೀಲನ ಅಜಾಗರೂಕತೆಗೆ. ಬೇಕೆಂದೇ ಮಾಡಿದ ಕಳ್ಳತನವನ್ನು ಒಪ್ಪಂದಗಳು ಹೊರಗಿಡುತ್ತವೆ. ಜೊತೆಯಲ್ಲಿದ್ದ ಇತರ ವಕೀಲರು ಗಮನಿಸದೆ ಬಿಟ್ಟರು ಎಂದು ತೋರಿಸಿದರೆ ಒಂದಿಷ್ಟು ಬಾಗಿಲು ತೆರೆಯಬಹುದು. ಅಂದ ಹಾಗೆ ಕ್ಯಾಲಿಫೋರ್ನಿಯಾದಲ್ಲಿ ವಕೀಲರು ವಿಮೆ ಮಾಡಿಸಲೇಬೇಕೆಂಬ ನಿಯಮವಿಲ್ಲ, ಇಲ್ಲದಿದ್ದರೆ ಕಕ್ಷಿದಾರರಿಗೆ ಹೇಳಬೇಕು, ಅಷ್ಟೇ.

ವಕೀಲರು ಕದ್ದರೆ ತುಂಬಿಕೊಡಲೆಂದೇ ಸ್ಟೇಟ್ ಬಾರ್‌ನಲ್ಲಿ ಒಂದು ನಿಧಿಯಿದೆ. ಕ್ಯಾಲಿಫೋರ್ನಿಯಾದ ವಕೀಲರೆಲ್ಲ ವರ್ಷವರ್ಷ ಕೊಡುವ ಶುಲ್ಕದಿಂದ ಅದು ನಡೆಯುತ್ತದೆ. ಒಳ್ಳೆಯ ಏರ್ಪಾಡು, ಆದರೆ ಒಂದು ನಷ್ಟಕ್ಕೆ ಗರಿಷ್ಠ 1 ಲಕ್ಷ ಡಾಲರ್. ವಕೀಲ ಮೂರು ಸಾವಿರ ಮುಂಗಡ ಪಡೆದು ಓಡಿಹೋದ ಪ್ರಕರಣಗಳಿಗೆ ಅದು ಸಾಕು. ಇಪ್ಪತ್ತು ಲಕ್ಷ ಕಳೆದುಕೊಂಡ ವಿಧವೆಗೆ ಅದು ಇಪ್ಪತ್ತರಲ್ಲಿ ಒಂದು. ಕ್ರಿಮಿನಲ್ ನ್ಯಾಯಾಲಯ ಜಿರಾರ್ಡಿಗೆ ಸುಮಾರು 23 ಲಕ್ಷ ಡಾಲರ್ ಪರಿಹಾರ ಕಟ್ಟಲು ಹೇಳಿತು. ಲಾಸ್ ಏಂಜಲೀಸ್ ದೋಷಾರೋಪದಲ್ಲಿ ಹೇಳಿದ್ದ ವಂಚನೆ 1.5 ಕೋಟಿಗೂ ಹೆಚ್ಚು. ಆದೇಶ ಬರವಣಿಗೆಯಲ್ಲಿ ಗಟ್ಟಿಯಾಗಿದೆ, ದಿವಾಳಿಯಿಂದಲೂ ಅಂಥ ಋಣ ತೀರುವುದಿಲ್ಲ. ಆದರೆ ಸ್ವತಃ ದಿವಾಳಿಯಾಗಿ 86ರ ವಯಸ್ಸಿನಲ್ಲಿ ಜೈಲು ಸೇರಿದ ಮುದುಕನ ಜೇಬಿನಿಂದ ಏನು ಬಂದೀತು?

ಹಾಗಾದರೆ ಕೊಡುವವರು ಯಾರು ಎಂಬ ನಿಮ್ಮ ಪ್ರಶ್ನೆಗೆ ಅನುಭವಿಗಳ ಉತ್ತರ: ಕದ್ದವನಲ್ಲ, ಕದಿಯುವಾಗ ಪಕ್ಕದಲ್ಲಿ ನಿಂತಿದ್ದ ಹಣವಂತ. ಇದಕ್ಕೆ ಫ್ಲಾರಿಡಾದ ಸ್ಕಾಟ್ ರಾತ್‌ಸ್ಟೀನ್ ಪ್ರಕರಣ ನೋಡಿ. ಫೋರ್ಟ್ ಲಾಡರ್‌ಡೇಲ್‌ನ ಈ ವಕೀಲ ಇಲ್ಲದ ಮೊಕದ್ದಮೆಗಳ ಇಲ್ಲದ ರಾಜಿ ಮೊತ್ತಗಳನ್ನು ಹೂಡಿಕೆದಾರರಿಗೆ ರಿಯಾಯಿತಿಯಲ್ಲಿ ಮಾರಿದ. 120 ಕೋಟಿ ಡಾಲರ್‌ನ ವಂಚನೆ. 2009ರ ಅಕ್ಟೋಬರ್‌ನಲ್ಲಿ ಮೊರಾಕೊಗೆ ಹಾರಿದ, ಕೆಲವೇ ದಿನಗಳಲ್ಲಿ ಮರಳಿದ, 2010ರಲ್ಲಿ 50 ವರ್ಷದ ಶಿಕ್ಷೆ ಪಡೆದ. ಆತನ ಸಂಸ್ಥೆಯ ಖಾತೆಗಳಿದ್ದದ್ದು ಟಿಡಿ ಬ್ಯಾಂಕಿನಲ್ಲಿ. ಬ್ಯಾಂಕ್ ವಂಚನೆಗೆ ನೆರವಾಯಿತೆಂದು ಹೂಡಿಕೆದಾರರ ಗುಂಪೊಂದು ಹೂಡಿದ ದಾವೆಯಲ್ಲಿ 2012ರ ಜನವರಿಯಲ್ಲಿ ಜ್ಯೂರಿ 6.7 ಕೋಟಿ ಡಾಲರ್ ಕೊಡಿಸಿತು. ಅದಾದ ಮೇಲೆ ಬ್ಯಾಂಕಿನೊಂದಿಗೆ ರಾಜಿಗಳು ಸರಾಗವಾದವು. ಹಾಗೆಂದು ಬ್ಯಾಂಕಿನ ಮೇಲೆ ಕೇಸು ಹಾಕಿದರೆ ಗೆಲುವು ಖಚಿತ ಎಂದುಕೊಳ್ಳಬೇಡಿ. ಖಾತೆಯಲ್ಲಿ ವಿಚಿತ್ರ ವಹಿವಾಟು ಇತ್ತು ಎಂದರೆ ಸಾಲದು. ವಂಚನೆ ನಡೆಯುತ್ತಿದೆ ಎಂಬುದು ಬ್ಯಾಂಕಿಗೆ ನಿಜವಾಗಿ ಗೊತ್ತಿತ್ತು, ಗೊತ್ತಿದ್ದೂ ಕೈಜೋಡಿಸಿತು ಎಂದು ಸಾಬೀತು ಮಾಡಬೇಕು.

ರಾತ್‌ಸ್ಟೀನ್ ಪ್ರಕರಣದಲ್ಲಿ ಕೆಟ್ಟವರು ಹೂಡಿಕೆದಾರರು. ನ್ಯೂಯಾರ್ಕಿನ ಮಾರ್ಕ್ ಡ್ರೈಯರ್ ಪ್ರಕರಣದಲ್ಲಿ ನಕಲಿ ಸಾಲಪತ್ರಗಳನ್ನು ಕೊಂಡು ಕೆಟ್ಟವು ಹೆಡ್ಜ್ ಫಂಡುಗಳು, ಅಂದರೆ ಸಿರಿವಂತರ ಹಣವನ್ನು ಹೂಡುವ ನಿಧಿಗಳು; 2009ರಲ್ಲಿ ಆತನಿಗೆ 20 ವರ್ಷ ಶಿಕ್ಷೆಯಾಯಿತು, ಸುಮಾರು 250 ವಕೀಲರಿದ್ದ ಸಂಸ್ಥೆ ಆತ ಸಿಕ್ಕಿಬಿದ್ದ ಕೆಲವೇ ವಾರಗಳಲ್ಲಿ ಕರಗಿತ್ತು. ಹೂಡಿಕೆದಾರರು ಲಾಭದ ಆಸೆಗೆ ಹಣ ಇಟ್ಟವರು. ಜಿರಾರ್ಡಿಯ ಕಕ್ಷಿದಾರರು ಏನನ್ನೂ ಹೂಡಿರಲಿಲ್ಲ. ಅವರು ಹೂಡಿದ್ದು ತಮ್ಮ ಮೈ, ತಮ್ಮವರ ಜೀವ. ಅವರ ಕಷ್ಟಕ್ಕೆ ಇನ್ನೊಂದು ಬಾಲವೂ ಇದೆ. ಚಿಕಿತ್ಸೆ ಕೊಟ್ಟ ವೈದ್ಯರು, ಆಸ್ಪತ್ರೆಗಳು ರಾಜಿ ಹಣದಿಂದ ತೆಗೆದುಕೊಳ್ಳುತ್ತೇವೆ ಎಂದು ಕಾದಿರುತ್ತಾರೆ. ವಕೀಲ ಆ ಹಣವನ್ನೂ ನುಂಗಿದ್ದರೆ ಬಿಲ್ಲು ಮತ್ತೆ ರೋಗಿಯ ಮನೆಗೇ ಬರುತ್ತದೆ.

ಕೊನೆಯದಾಗಿ, ನೀವು ಕೇಳದಿದ್ದರೂ ಕೇಳಬೇಕಾಗಿದ್ದ ಒಂದು ವಿಷಯ: ಕಾವಲು ಕಾಯಬೇಕಾದವರು ಎಲ್ಲಿದ್ದರು? 2022ರ ನವೆಂಬರ್‌ನಲ್ಲಿ ಸ್ಟೇಟ್ ಬಾರ್ ತಾನೇ ಬಾಯಿ ಬಿಟ್ಟಿತು. ನಲವತ್ತು ವರ್ಷಗಳಲ್ಲಿ ಜಿರಾರ್ಡಿಯ ಮೇಲೆ 205 ದೂರಿನ ಕಡತಗಳು ತೆರೆದಿದ್ದವು. ಸಂಸ್ಥೆ ಕುಸಿಯುವವರೆಗೆ ಆತನ ಹೆಸರಿನ ಮುಂದೆ ಒಂದೇ ಒಂದು ಬಹಿರಂಗ ಶಿಸ್ತುಕ್ರಮ ಇರಲಿಲ್ಲ; ವಕೀಲಿಕೆಯ ಸನ್ನದು ರದ್ದಾದದ್ದು 2022ರಲ್ಲಿ, ದಿವಾಳಿಯಾಗಿ ಒಂದೂವರೆ ವರ್ಷದ ಮೇಲೆ. ಹೊಸ ಕಕ್ಷಿದಾರನೊಬ್ಬ ಸಹಿ ಹಾಕುವ ಮುನ್ನ ಬಾರ್‌ನ ದಾಖಲೆ ನೋಡಿದ್ದರೆ ಸ್ವಚ್ಛವಾದ ಹಾಳೆಯನ್ನೇ ಕಾಣುತ್ತಿದ್ದ.

ಈಗ ನಿಯಮಗಳು ಬಂದಿವೆ. 2023ರಿಂದ ಕ್ಯಾಲಿಫೋರ್ನಿಯಾದ ವಕೀಲರು ತಮ್ಮ ಟ್ರಸ್ಟ್ ಖಾತೆಗಳನ್ನು ವರ್ಷವರ್ಷ ಬಾರ್‌ನಲ್ಲಿ ನೋಂದಾಯಿಸಿ, ನಿಯಮ ಪಾಲಿಸುತ್ತಿದ್ದೇನೆ ಎಂದು ಸ್ವಯಂ ಘೋಷಿಸಬೇಕು. ಸ್ವಯಂ ಘೋಷಣೆಯ ಮೇಲೆ ನನಗೆ ನಂಬಿಕೆ ಕಡಿಮೆ; ಸುಳ್ಳು ಲೆಕ್ಕ ಬರೆಯಬಲ್ಲವನು ಸುಳ್ಳು ಘೋಷಣೆಗೆ ಹೆದರುವುದಿಲ್ಲ. ನನಗೆ ಹೆಚ್ಚು ಕೆಲಸಕ್ಕೆ ಬರುವಂತೆ ಕಾಣುವುದು 2023ರ ಆಗಸ್ಟ್ 1ರಂದು ಜಾರಿಗೆ ಬಂದ ಇನ್ನೊಂದು ನಿಯಮ. ಸಹವಕೀಲನೊಬ್ಬ ಕಕ್ಷಿದಾರರ ಹಣವನ್ನು ದುರುಪಯೋಗ ಮಾಡಿದ್ದಕ್ಕೆ ನಂಬಲರ್ಹ ಸಾಕ್ಷ್ಯವಿದೆ ಎಂದು ತಿಳಿದರೆ ಅದನ್ನು ಬಾರ್‌ಗೆ ವರದಿ ಮಾಡುವುದು ಈಗ ಪ್ರತಿ ವಕೀಲರ ಕರ್ತವ್ಯ. ಲಯನ್ ಏರ್ ಪ್ರಕರಣವನ್ನು ಬಯಲಿಗೆ ತಂದದ್ದು ಬಾರ್ ಅಲ್ಲ, ಬ್ಯಾಂಕೂ ಅಲ್ಲ, ಜೊತೆಗಿದ್ದ ಇನ್ನೊಂದು ವಕೀಲರ ಸಂಸ್ಥೆ. ಆಗ ಅದಕ್ಕೆ ಹಾಗೆ ಮಾಡಲೇಬೇಕೆಂದು ಹೇಳುವ ನಿಯಮ ಕ್ಯಾಲಿಫೋರ್ನಿಯಾದಲ್ಲಿ ಇರಲಿಲ್ಲ.